ರಾಲ್ಫನ ಎಡಗಾಲಿನ ಉಕ್ಕು

ಮೊದಲು ಸಂಗತಿಗಳು.

ಇಂಗ್ಲೆಂಡಿನ ಹಾರ್ಲ್‌ಬಿ ಎಂಬ ಊರಿಗೆ ಸ್ಪೀಡ್‌ವೇ ಎಂಬ ಬೈಕ್ ಓಟದ ಒಂದು ತಂಡವಿತ್ತು. ಆಡುತ್ತಿದ್ದದ್ದು ಮೂರನೇ ದರ್ಜೆಯ ಲೀಗಿನಲ್ಲಿ.

ಆ ಬೈಕುಗಳಿಗೆ ಬ್ರೇಕಿಲ್ಲ. ಕೆಂಪು ಜಲ್ಲಿಪುಡಿಯ ಮೇಲೆ ನಾಲ್ಕು ಸುತ್ತು. ತಿರುವಿನಲ್ಲಿ ಎಡಗಾಲನ್ನು ನೆಲಕ್ಕೆ ಉಜ್ಜಿಕೊಂಡೇ ಹೊರಳಬೇಕು. ಅದಕ್ಕೆಂದು ಎಡ ಬೂಟಿನಡಿ ಉಕ್ಕಿನ ಅಟ್ಟೆ.

ರಾಲ್ಫ್ ಗ್ಯಾರಡ್ ಆ ತಂಡದ ಸವಾರ. ಜೀವಮಾನದಲ್ಲಿ ಗೆದ್ದದ್ದು ಒಂದೇ ಓಟ. ಅದರ ಮುಂದಿನ ಓಟದಲ್ಲೇ ಬಿದ್ದು ಸತ್ತ.

ಅದೇ ಬೇಸಿಗೆಯಲ್ಲಿ ತಂಡ ಮುಚ್ಚಿತು. ಪಂದ್ಯಗಳ ನಡುವೆಯೇ ಮುಚ್ಚಿದ ತಂಡದ ಆ ವರ್ಷದ ಫಲಿತಾಂಶಗಳನ್ನೆಲ್ಲ ಲೀಗು ರದ್ದುಪಡಿಸುತ್ತದೆ. ಅದು ನಿಯಮ. ರಾಲ್ಫನ ಗೆಲುವು ರದ್ದಾಯಿತು. ಸಾವು ರದ್ದಾಗಲಿಲ್ಲ.

ಮುಂದಿನದು ಅವನ ತಮ್ಮ ನೆವಿಲ್‌ಗೆ ಆದದ್ದು.

ಲೀಗಿನವರು ತಮ್ಮ ಇತಿಹಾಸ ಬರೆಸುತ್ತಿದ್ದರು. ಅಣ್ಣನ ಆ ಒಂದು ಗೆಲುವನ್ನು ಸೇರಿಸಿ ಎಂದು ನೆವಿಲ್ ವರ್ಷಗಟ್ಟಲೆ ಅಲೆದಿದ್ದ. ಒಂದು ರಾತ್ರಿ ಪಬ್ಬಿನಲ್ಲಿ ಲೀಗಿನ ಕಾರ್ಯದರ್ಶಿ ಕೊನೆಯ ಮಾತು ಹೇಳಿದ: "ನಡೀದೇ ಇರೋ ಓಟಾನ ಹೇಗ್ರೀ ಬರೆಯೋದು?"

ನೆವಿಲ್ ಮನೆಗೆ ಹೊರಟ. ಜೊತೆಗೆ ಸ್ಟ್ಯಾನ್, ಹಿಂದೆ ತಂಡದ ಓಟದ ಅಂಕಣಕ್ಕೆ ಜಲ್ಲಿ ಹರಡುತ್ತಿದ್ದವನು.

"ಹಾಗಾದ್ರೆ ನಿಮ್ಮಣ್ಣ ಸತ್ತ ಓಟಾನೂ ನಡೀಲಿಲ್ವಾ ಅಂತ ಕೇಳ್ಬೇಕಿತ್ತು ಕಣೋ," ಎಂದ ಸ್ಟ್ಯಾನ್.

"ಕೇಳ್ದೆ."

"ಏನಂದ?"

"ಇನ್ನೊಂದು ಬಿಯರ್ ತಗೋತೀರಾ ಅಂದ."

ಹಳೆಯ ಅಂಕಣದ ಗೇಟು ಬಂತು. ಬೀಗ ಜಡಿದದ್ದು. ಒಳಗೆಲ್ಲ ಆಳೆತ್ತರದ ತುರಿಕೆ ಗಿಡ.

ಟಪ್... ಠಣ್.

ಇಬ್ಬರೂ ನಿಂತರು.

ಟಪ್... ಠಣ್. ಒಂದು ಹೆಜ್ಜೆ ಚರ್ಮದ್ದು... ಒಂದು ಉಕ್ಕಿನದ್ದು.

"ಕುದುರೆ ಇರ್ಬೇಕು," ಸ್ಟ್ಯಾನ್ ಪಿಸುಗುಟ್ಟಿದ.

"ಎರಡೇ ಕಾಲಿನ ಕುದುರೇನಾ?"

"ಸುಮ್ನಿರೋ."

ಓಟ ಶುರುವಾಗುತ್ತಿದ್ದ ಗೆರೆಯ ಹತ್ತಿರ ಹೆಜ್ಜೆ ನಿಂತಿತು. ಮೌನ... ಆಮೇಲೆ ಮೊದಲ ತಿರುವಿನಿಂದ, ಕರ್ರ್ರ್... ಎಂಜಿನ್ನಿನ ಸದ್ದಿಲ್ಲ. ಉಕ್ಕು ಜಲ್ಲಿಯನ್ನು ಉಜ್ಜುವ ಸದ್ದು ಮಾತ್ರ. ಸುತ್ತಿ ಬಂತು. ಮತ್ತೆ ಹೋಯಿತು. ಒಂದು ಗಿಡವೂ ಅಲುಗಲಿಲ್ಲ. ಸುಟ್ಟ ಹರಳೆಣ್ಣೆಯ ವಾಸನೆ ಮೂಗಿಗೆ ಹೊಡೆಯಿತು. ಆ ಎಂಜಿನ್ನುಗಳಿಗೆ ಹಾಕುತ್ತಿದ್ದದ್ದು ಅದನ್ನೇ.

ನಾಲ್ಕು ಸುತ್ತು. ನಿಂತಿತು.

"ಯಾರೋ ಮೊದಲು ಬಂದಿದ್ದು?" ಸ್ಟ್ಯಾನ್ ಕೇಳಿದ.

"ಇರೋನೇ ಒಬ್ಬ ಅಲ್ವೇನೋ."

"ಹಾಗಾದ್ರೆ ಗೆದ್ದ ಬಿಡು."

ನೆವಿಲ್ ನಗಲಿಲ್ಲ. ಬೀಗವನ್ನು ಎರಡೂ ಕೈಯಿಂದ ಹಿಡಿದು ಜಗ್ಗಿದ. "ಇವತ್ತಾದ್ರೂ ಯಾರಾದ್ರೂ ನೋಡ್ಬಾರ್ದಿತ್ತಾ!" ಎಂದ. ಬೀಗ ಬಿಡಲಿಲ್ಲ.

ಇಬ್ಬರೂ ನೆವಿಲ್‌ನ ಮನೆಗೇ ಬಂದರು. ಅಡುಗೆಮನೆಯ ಬಾಗಿಲ ಹಿಂದೆ ಮೊಳೆಗೆ ರಾಲ್ಫನ ಉಕ್ಕಿನ ಅಟ್ಟೆ ತೂಗುಹಾಕಿತ್ತು. ಅವನು ಸತ್ತಂದಿನಿಂದ ಅಲ್ಲಿಯೇ ತುಕ್ಕು ಹಿಡಿಯುತ್ತಿದ್ದದ್ದು. ನೆವಿಲ್ ದೀಪ ಹಾಕಿದ.

ತುಕ್ಕು ಇರಲಿಲ್ಲ. ಅಡಿಭಾಗ ಹೊಸದಾಗಿ ಸವೆದು ಬೆಳ್ಳಿಯಂತೆ ಹೊಳೆಯುತ್ತಿತ್ತು. ಮುಟ್ಟಿದರೆ... ಬಿಸಿ.

ಇದು ನಡೆದದ್ದು. ಸ್ಟ್ಯಾನ್‌ನ ಬೆರಳೂ ಸುಟ್ಟಿದೆ. ಹಾರ್ಲ್‌ಬಿಗೆ ಹೋದರೆ ತೋರಿಸುತ್ತಾನೆ.

ಲೀಗಿನ ಇತಿಹಾಸ ಅಚ್ಚಾಗಿದೆ. ಅದರಲ್ಲಿ ರಾಲ್ಫ್ ಇಲ್ಲ. ಆದ್ದರಿಂದ ಓದಿದವರು ಇನ್ನೊಬ್ಬರಿಗೆ ಹೇಳಿ, ಅವರು ಮತ್ತೊಬ್ಬರಿಗೆ ಹೇಳಲಿ: ಆ ಓಟ ನಡೆದಿತ್ತು. ರಾಲ್ಫ್ ಗ್ಯಾರಡ್ ಗೆದ್ದಿದ್ದ.