ಬ್ಲೇಡು ಯಾಕೋ ನಿಲ್ತಿಲ್ಲ

...ಅದೇ ಹೇಳ್ತಿದ್ದೀನಲ್ಲ ಲೋಥರ್, ಮಿಷನ್ನೇ ಸರಿಯಿಲ್ಲ! ಹೊಸದು ಅಂದ್ಮೇಲೆ ಸರಿಯಾಗಿರಲೇಬೇಕು ಅಂತ ಯಾವ ದೇವರು ಬರ್ಕೊಟ್ಟಿದ್ದಾನೆ? ಅರ್ನೊಗೆ ಎಪ್ಪತ್ತೈದು ತುಂಬ್ತು ಅಂತ ನಿಮ್ಮ ಕೆತ್ತನೆ ಸಂಘದೋರು ಹೊತ್ಕೊಂಡು ಬಂದ್ರಿ, ಇಲ್ಲಿಟ್ರಿ, ಹಾಡು ಹೇಳಿದ್ರಿ, ಬಾಟ್ಲಿ ಖಾಲಿ ಮಾಡಿದ್ರಿ. ಸಂತೋಷ. ಆದ್ರೆ ಕರೆಂಟ್ ಗರಗಸ ಅಂದ್ಮೇಲೆ ಬ್ಲೇಡು ನಿಲ್ಲಬೇಕಲ್ಲ! ಗುಂಡಿ ಒತ್ತು, ನಾಲ್ಕು ಎಣಿಸು... ಟಪ್! ಮೇಲಿನ ತುದಿ ಕ್ಲಾಂಪಿಂದ ಜಾರಿ ಆಚೆ. ಒಂದ್ಸಲ ಅಲ್ಲ, ದಿನಕ್ಕೆ ಇಪ್ಪತ್ತು ಸಲ.

ಯಾಕೆ ನಗ್ತೀಯ? ಹೆಂಗಸಿಗೆ ಕ್ಲಾಂಪಿನ ಸಮಾಚಾರ ಏನು ಗೊತ್ತು ಅಂತಾನಾ? ಅರ್ನೊನ ಕಟ್ಕೊಂಡು ಐವತ್ತೊಂದು ವರ್ಷದಿಂದ ಈ ಮನೇಲಿ ಸೂಪಿನ ಜೊತೆ ಮರದ ಪುಡೀನೂ ಕುಡಿದಿದ್ದೀನಿ ಕಣಯ್ಯ. ನೀನು ಹುಡುಗನಾಗಿದ್ದಾಗ ಇದೇ ಬೆಂಚಿನ ಮೇಲೆ ಕೂತು ಅರ್ನೊ ಹತ್ರ ಗರಗಸ ಹಿಡಿಯೋದು ಕಲಿತೆಯಲ್ಲ, ಆಗ್ಲೂ ನಾನೇ ಗುಡಿಸ್ತಿದ್ದೆ.

ಕೂತ್ಕೋ, ಕಾಫಿ ಆರ್ತಿದೆ. ಅರ್ನೊ ಬೇಕರಿಗೆ ಹೋಗಿದ್ದಾನೆ. ನಾನೇ ಕಳಿಸ್ದೆ... ಬರ್ತಾನೆ, ದಾರಿ ಗೊತ್ತಲ್ಲ. ಗೊತ್ತು, ಗೊತ್ತು.

ಏನೇನು ಮಾಡಿದ್ವಿ ಅಂತಾನಾ? ಏನು ಮಾಡಿಲ್ಲ ಕೇಳು! ತಿರುಪು ಬಿಗಿ ಮಾಡಿದ್ದಾಯ್ತು. ಇಕ್ಕಳ ಹಾಕಿ ಇನ್ನೂ ಬಿಗಿ ಮಾಡಿದ್ದಾಯ್ತು. ಬ್ಲೇಡು ಬದಲಾಯಿಸಿದ್ವಿ, ದಪ್ಪಂದು, ಸಣ್ಣದು, ಎಲ್ಲಾ. ಅಂಗಡಿಯವನಿಗೆ ಫೋನ್ ಮಾಡಿದ್ರೆ, ಹೊಸ ಬ್ಲೇಡಿಗೆ ಕಾರ್ಖಾನೆ ಎಣ್ಣೆ ಇರುತ್ತೆ, ತುದೀನ ಪಾಲಿಶ್ ಪೇಪರಲ್ಲಿ ಉಜ್ಜಿ ಅಂದ. ಅರ್ನೊ ಉಜ್ಜಿದ. ರಾತ್ರಿ ಉಜ್ಜಿಟ್ಟು ಮಲಗ್ತಾನೆ, ಬೆಳಗ್ಗೆ ಬಂದು ಗುಂಡಿ ಒತ್ತಿದ್ರೆ... ಟಪ್. ಆಮೇಲೆ ಹೊಸ ಕ್ಲಾಂಪನ್ನೇ ಪಾರ್ಸಲ್ ಕಳಿಸಿದ್ರು. ಒಂದಿನ ಚೆನ್ನಾಗಿ ಹಿಡೀತು. ಒಂದೇ ದಿನ! ಮಾರನೇ ದಿನ ಅದೇ ರಾಗ.

ಏನಂದೆ? ಶನಿವಾರ... ಗೊತ್ತಪ್ಪ. ಶನಿವಾರ ಆರಕ್ಕೆ ಚರ್ಚಿನ ಗಂಟೆ ಹೊಡೆದ ತಕ್ಷಣ ಊರಿನ ಎಲ್ಲಾ ಕಿಟಕೀಲೂ ಮರದಲ್ಲಿ ಕೊಯ್ದ ಕಮಾನು ದೀಪ ಹತ್ಬೇಕು. ಬೆಂಕಿ ಆರಿಸೋರ ಆಫೀಸಿನ ಕಿಟಕಿಗೆ ಇವನು ಮಾಡ್ತೀನಿ ಅಂತ ಒಪ್ಕೊಂಡಿದ್ದಾನೆ. ಅಲ್ನೋಡು, ಕಮಾನಿನೊಳಗೆ ನಿಲ್ಲೋ ಗಣಿ ಕೆಲಸದ ಬೊಂಬೆ ಇಬ್ರಲ್ಲಿ ಒಬ್ಬನಿಗೆ ಇನ್ನೂ ಕಾಲೇ ಬಂದಿಲ್ಲ. ಇನ್ನು ಮೂರೇ ದಿನ. ಒಂದು ವರ್ಷ ಆ ಕಿಟಕಿ ಕತ್ತಲಾಗಿದ್ರೆ ಏನು ಊರು ಮುಳುಗಿ ಹೋಗುತ್ತಾ? ಹೋಗಲ್ಲ. ನೀನೇ ಹೇಳು, ಹೋಗುತ್ತಾ?

ಹಾಗೆ ಯಾಕೆ ನೋಡ್ತೀಯ? ಅರ್ನೊ ಹೆಬ್ಬೆರಳಿಗೆ ಪಟ್ಟಿ ಇದೆಯಲ್ಲ ಅಂತಾನಾ? ಮೊನ್ನೆ ಅಂಗಡೀಲಿ ಸಿಕ್ಕಾಗ್ಲೇ ಹೇಳ್ದೆನಲ್ಲ, ಸೌತೆಕಾಯಿ ಜಾಡಿ ಮುಚ್ಚಳ ತೆಗೆಯೋಕ್ ಹೋಗಿ ಕೊಯ್ಕೊಂಡ. ಏಳು ಹೊಲಿಗೆ. ಹ್ಞೂಂ, ಮುಚ್ಚಳಕ್ಕೇ! ನಮ್ಮನೆ ಮುಚ್ಚಳ ಚೂಪು.

ಅಯ್ಯೋ, ಕ್ಲಾಂಪ್ ಯಾಕೆ ಬಿಚ್ತೀಯ? ಬಿಡು ಮಾರಾಯ, ಅವನು ಬಿಚ್ಚಿ ನೋಡಿದ್ದಾನೆ... ಲೋಥರ್, ಕೈ ಕೊಳೆಯಾಗುತ್ತೆ. ಒಂದು ನಿಮಿಷ, ಬಟ್ಟೆ ಕೊಡ್ತೀನಿ, ನಾನೇ ಒರೆಸ್ತೀನಿ... ಕೊಡು ಇಲ್ಲಿ... ಕೊಡೋ!

ಯಾಕೆ ಮೂಸ್ತೀಯ?

ಎಣ್ಣೆ ಇರ್ಬೇಕು. ಮಿಷನ್ ಎಣ್ಣೆ. ಕಾರ್ಖಾನೇದು.

ಏನದು ಉಗುರಿನ ಮೇಲೆ? ತೋರಿಸು. ಕಣ್ಣಿಗೆ ಕನ್ನಡಕ ಇಲ್ಲ ನಂಗೆ...

ಈರುಳ್ಳಿ.

ಹೌದು. ಹುರಿದ ಈರುಳ್ಳಿ ಚೂರು. ಯಾವ ಕಾರ್ಖಾನೇಲೂ ಎಣ್ಣೆಗೆ ಈರುಳ್ಳಿ ಹಾಕಲ್ಲ, ಅಲ್ವಾ? ಹೆಬ್ಬಾತಿನ ಕೊಬ್ಬು ಅದು. ಮಾರ್ಟಿನ್ ಹಬ್ಬಕ್ಕೆ ನಾನೇ ಕಾಯಿಸಿಟ್ಟಿದ್ದು, ನೀನೂ ಬ್ರೆಡ್ಡಿಗೆ ಸವರ್ಕೊಂಡು ತಿಂದ್ಯಲ್ಲ, ಚೆನ್ನಾಗಿದೆ ಅಂದ್ಯಲ್ಲ. ಬೆಳಗ್ಗೆ ಅವನು ಏಳೋಕೆ ಮುಂಚೆ ಬಂದು ಬೆರಳಲ್ಲಿ ಕ್ಲಾಂಪಿಗೆ ಒಂದಿಷ್ಟು... ಸೋಸಿ ಹಚ್ಬೇಕಿತ್ತು. ಬುದ್ಧಿ ಇಲ್ಲ ನಂಗೆ. ಇಂಥಾ ಕೆಲಸ ಮಾಡಿ ಅಭ್ಯಾಸ ಇಲ್ಲ.

ಬಯ್ಯಿ. ಬಯ್ಯೋ ಬಾಯಿ ತುಂಬ!

ಮುಚ್ಚಳ ಅಲ್ಲ ಲೋಥರ್. ಹಳೇ ಗರಗಸ ಇತ್ತಲ್ಲ, ಕಾಲಲ್ಲಿ ತುಳಿಯೋದು... ಮಧ್ಯೆ ಅವನಿಗೆ ಮರೆತು ಹೋಗೋದು. ತಾನು ಎಲ್ಲಿದ್ದೀನಿ, ಏನು ಮಾಡ್ತಿದ್ದೀನಿ ಅನ್ನೋದೇ. ಎರಡು ವರ್ಷದಿಂದ. ಮನಸ್ಸು ನಿಂತ ತಕ್ಷಣ ಕಾಲೂ ನಿಲ್ಲೋದು, ಕಾಲು ನಿಂತ್ರೆ ಬ್ಲೇಡೂ ನಿಲ್ಲೋದು. ಕಿಟಕಿ ಕಡೆ ನೋಡ್ಕೊಂಡು ಕೂತಿರೋನು. ಆಮೇಲೆ ವಾಪಸ್ ಬರೋನು, ಮತ್ತೆ ತುಳಿಯೋನು. ಯಾರಿಗೂ ಗೊತ್ತಾಗ್ಲಿಲ್ಲ, ನಾನೂ ಬಾಯಿ ಬಿಡ್ಲಿಲ್ಲ. ಈ ಕರೆಂಟಿಂದು ಹಾಗಲ್ಲ. ಇದಕ್ಕೆ ಅವನು ಇದ್ದಾನೋ ಇಲ್ವೋ ಗೊತ್ತಾಗಲ್ಲ, ತನ್ನ ಪಾಡಿಗೆ ತಾನು ಓಡ್ತಾನೇ ಇರುತ್ತೆ. ಅವತ್ತು ಸದ್ದು ಒಂದೇ ಸಮ ಬರ್ತಿತ್ತು, ಮರ ಕೊಯ್ಯೋ ಸದ್ದಲ್ಲ. ಓಡಿ ಬಂದೆ. ಬೆರಳಿಂದ ರಕ್ತ ಸುರೀತಿದೆ, ಅವನು ಕಿಟಕಿ ನೋಡ್ತಿದ್ದಾನೆ! ನೋವೂ ಗೊತ್ತಿಲ್ಲ ಅವನಿಗೆ. ನನ್ನನ್ನ ನೋಡಿ 'ಊಟ ಆಯ್ತಾ' ಅಂದ.

ನಿಲ್ಸು ಅಂತ ಹೇಳ್ಲಿಕ್ಕೆ ಆಗುತ್ತಾ? ನಿನ್ನ ಕೈಲಿ ಆಗುತ್ತಾ? ನಿಂಗೆ ಕಲಿಸಿದ ಮನುಷ್ಯನ ಮುಂದೆ ನಿಂತು, 'ಅರ್ನೊ, ನಿನ್ನ ಕೆಲಸ ಮುಗೀತು, ಏಳು' ಅಂತ... ಆಗುತ್ತಾ? ತಲೆ ತಗ್ಗಿಸ್ತೀಯ. ನೋಡು. ನಂಗೂ ಆಗ್ಲಿಲ್ಲ.

ಬೇರೆ ಮಿಷನ್ ತರ್ಬೇಡ, ಕೈ ಮುಗೀತೀನಿ. ಇದೇ ಇರ್ಲಿ. ದಿನಾ ತಿರುಪು ಬಿಚ್ತಾನೆ, ಹಾಕ್ತಾನೆ, ಈ ಕಾಲದ ಕಾರ್ಖಾನೆಗಳಿಗೆಲ್ಲ ಬೆಂಕಿ ಬೀಳ ಅಂತ ಬಯ್ತಾನೆ. ಬಯ್ಯೋವಾಗ ನನ್ನ ಹಳೇ ಅರ್ನೊ ಪೂರ್ತಿ ಇರ್ತಾನೆ ಲೋಥರ್, ಒಂದು ಚೂರೂ ಮರೆತಿರಲ್ಲ. ಮಿಷನ್ ಕೆಟ್ಟಿದೆ ಅಂತ ಇರೋವರೆಗೂ ಅವನಿಗೆ ತಾನು ಕೆಟ್ಟಿದ್ದೀನಿ ಅಂತ ಗೊತ್ತಾಗಲ್ಲ. ಅಷ್ಟೇ ನಂಗೆ ಬೇಕಾಗಿರೋದು. ತಪ್ಪಾ ಅದು? ತಪ್ಪಾಗಿದ್ರೆ ಹೇಳು...

ಶ್. ಮೆಟ್ಟಿಲ ಮೇಲೆ ಅವನೇ.

ಬಾ ಅರ್ನೊ, ಬಾಗಿಲು ಹಾಕು, ಚಳಿ. ಬ್ರೆಡ್ಡು? ಆಯ್ತು ಬಿಡು, ಬ್ರೆಡ್ಡು ಆಮೇಲೆ ತಂದ್ರಾಯ್ತು. ಯಾರು ಬಂದಿದ್ದಾರೆ ನೋಡು. ಲೋಥರ್... ನಮ್ಮ ಲೋಥರ್ ಅಲ್ವಾ! ಅವನೂ ಬಿಚ್ಚಿ ನೋಡ್ದ. ಹೌದಪ್ಪ, ಪೂರ್ತಿ ನೋಡ್ದ.

ಕೇಳ್ಬೇಕಾ? ಕೇಳು ಅವನನ್ನೇ...

ನೋಡಿದ್ಯಾ, ಮಾತೇ ಹೊರಡ್ತಿಲ್ಲ ಪಾಪ. ಅವನ ಕೈಲೂ ಆಗ್ಲಿಲ್ಲ ಅರ್ನೊ.