‘ನಂದೂ ಅದೇ’ ಅನ್ನೋ ಹಾಗಿಲ್ಲ

“ಹಲೋ... ಹಲೋ, ಯಾರು ಮಾತಾಡ್ತಿರೋದು?... ಯಾರು? ಹೆಸರು ಹೇಳಿ ಮೊದ್ಲು, ಈ ನಂಬರು ನನ್ ಹತ್ರ ಇಲ್ಲ...”

“ಅಯ್ಯೋ, ಗಗನಾ ನೀನಾ! ಹೊಸ ನಂಬರಾ? ಯಾವಾಗ ತಗೊಂಡೆ?... ಹಾಂ... ಹಾಂ... ನಿಮ್ಮಪ್ಪನೇ ಕೊಡಿಸ್ಬುಟ್ನಾ? ನಮ್ ಸಿದ್ದರಾಜುಗೆ ಅಷ್ಟು ಧಾರಾಳ ಎಲ್ಲಿಂದ ಬಂತು?...”

ಶ್ರೀರಾಂಪುರದ ಮಹಡಿ ಮನೆಯ ಅಡುಗೆಕೋಣೆಯಲ್ಲಿ ಚಾಮುಂಡೇಶ್ವರಿ ಕಿವಿಗೂ ಭುಜಕ್ಕೂ ನಡುವೆ ಫೋನು ಸಿಕ್ಕಿಸಿಕೊಂಡು ಬೆಳ್ಳುಳ್ಳಿ ಸುಲಿಯುತ್ತಿದ್ದಳು. ಶನಿವಾರ ಸಂಜೆ ಅವಳಿಗೆ ಬೆಳ್ಳುಳ್ಳಿಯ ಹೊತ್ತು. ನಾಳೆ ಬೆಳಗ್ಗೆ ಮಟನ್ ಅಂಗಡಿಯ ಮುಂದೆ ನಿಂತು, ಕೈಮಾ ಮಾಡಿಸಿ ತಂದು, ಉಂಡೆ ಕಟ್ಟಿ ಸಾರಿಗೆ ಬಿಡುವಷ್ಟರಲ್ಲಿ ಉದಯಗಿರಿಯಿಂದ ದೊಡ್ಡ ತಮ್ಮ ಸಿದ್ದರಾಜು, ಅವನ ಹೆಂಡತಿ ಮಂಜುಳ, ಮಗಳು ಗಗನ ಬರಬೇಕು. ಮಂಡಕಳ್ಳಿಯಿಂದ ಚಿಕ್ಕ ತಮ್ಮ ಪ್ರಸಾದ್ ಬರಬೇಕು. ಅವ್ವ ತೀರಿಕೊಂಡ ಮೇಲೆ ಭಾನುವಾರದ ಮುದ್ದೆ, ಕೈಮಾ ಉಂಡೆ ಸಾರು ಅಕ್ಕನ ಮನೆಯಲ್ಲೇ ಎಂದು ಯಾರೂ ಹೇಳದೆಯೇ ಗೊತ್ತಾಗಿಹೋಗಿತ್ತು. ತಮ್ಮಂದಿರನ್ನು ದಡ ಸೇರಿಸುವಷ್ಟರಲ್ಲಿ ತನ್ನ ಮದುವೆಯ ವಯಸ್ಸು ದಾಟಿಸಿಕೊಂಡ ಹೆಂಗಸಿಗೆ ವಾರದಲ್ಲಿ ಒಂದು ದಿನವಾದರೂ ಮನೆ ತುಂಬಬೇಕಲ್ಲ.

“ನಾಳೆ ಬರಲ್ವಾ? ಯಾಕೆ?... ಪರೀಕ್ಷೆನಾ?... ಹೋದ ವಾರ ನಿಂಗೆ ಹೊಟ್ಟೆನೋವು. ಅದರ ಹಿಂದಿನ ವಾರ ಪ್ರಸಾದನ ಸ್ಕೂಟರ್ ಕೆಟ್ಟೋಗಿತ್ತು... ಅಲ್ವಾ? ಅಣ್ಣಂದು ಗ್ಯಾರೇಜು, ತಮ್ಮನ ಸ್ಕೂಟರ್ ಕೆಡೋದು ಭಾನುವಾರನೇ!... ಏನು? ಪ್ರಸಾದನೂ ಅಲ್ಲೇ ಇದಾನಾ? ಎಲ್ಲರೂ ಒಟ್ಟಿಗೇ ಇದೀರಾ?... ಹಾಂ... ಅಕ್ಕಂಗೆ ಫೋನ್ ಮಾಡೋ ಕೆಲಸ ಮಾತ್ರ ನಿನ್ ತಲೆಗೆ ಕಟ್ಟಿದಾರೆ, ಅಲ್ವಾ?...”

ಅತ್ತ ಗುಸುಗುಸು. ಇಂಥ ಗುಸುಗುಸು ಹಿಡಿಯುವುದೇ ಚಾಮುಂಡೇಶ್ವರಿಯ ಉದ್ಯೋಗ. ಹೆಂಗಸರ ಸಂಘಗಳಿಗೆ ಹೋಗಿ, ಗುಂಪಿನಲ್ಲಿ ಮಾತಾಡುವುದು ಹೇಗೆ, ಇನ್ನೊಬ್ಬರ ಮಾತು ಕೇಳಿಸಿಕೊಳ್ಳುವುದು ಹೇಗೆ, ಜುಟ್ಟು ಹಿಡಿಯದೆ ತೀರ್ಮಾನಕ್ಕೆ ಬರುವುದು ಹೇಗೆ ಎಂದು ತರಬೇತಿ ಕೊಡುವವಳು. ಬಾಯಿ ಸತ್ತವರನ್ನು ಮಾತಾಡಿಸಿದ್ದಳು, ಬಾಯಿಬಡುಕರನ್ನು ಕೂರಿಸಿದ್ದಳು. ಆ ವಿದ್ಯೆಯನ್ನು ಸ್ವಂತದವರ ಮೇಲೆ ಒಂದು ದಿನವೂ ಪ್ರಯೋಗಿಸಿರಲಿಲ್ಲ. ಕೈಯಾರೆ ಉಣಿಸಿ ಬೆಳೆಸಿದವರ ಮನಸ್ಸು ತಿಳಿಯಲು ತರಬೇತಿ ಯಾಕೆ ಎಂಬ ಗರ್ವ ಅವಳಿಗಿತ್ತು.

“ಗಗನಾ, ಸ್ಪೀಕರ್ ಹಾಕು... ಎಲ್ಲರ ಮಧ್ಯೆ ಇಡು. ಸುತ್ತ ಕೂತ್ಕೊಳ್ಳಿ... ಚಾರ್ಜ್ ಕಮ್ಮಿ ಇದೆಯಾ? ಇರ್ಲಿ, ಬೇಗ ಮುಗಿಸೋಣ... ಕೇಳಿಸ್ತಿದೆಯಾ ಎಲ್ಲರಿಗೂ?... ಪ್ರಸಾದ, ನಗ್ಬೇಡ ಕಣೋ...”

“ಒಂದು ಸಂಘದವರ ಸೀರೆ ಕತೆ ಹೇಳಿದ್ನಾ ನಿಮಗೆ?... ಇಲ್ವಾ? ಎಲ್ಲರೂ ಒಂದೇ ಥರ ಉಡೋಣ ಅಂತ ಬೂದಿಬಣ್ಣದ ಸೀರೆ ತಗೊಂಡ್ರು. ಒಬ್ಬರಿಗೂ ಆ ಬಣ್ಣ ಕಂಡ್ರಾಗ್ತಿರಲಿಲ್ಲ. ಮಿಕ್ಕೋರಿಗೆಲ್ಲ ಇಷ್ಟ ಇರ್ಬೇಕು, ನಾನ್ಯಾಕೆ ಅಡ್ಡಗಾಲು ಹಾಕ್ಲಿ ಅಂತ ಒಬ್ಬೊಬ್ಬರೂ ಸುಮ್ನಿದ್ಬುಟ್ರು. ಉಟ್ಕೊಂಡು ಫೋಟೋಗೆ ನಿಂತ ಮೇಲೆ ಬಾಯ್ಬಿಟ್ರು... ಹಾಂ, ನಗಿ ನಗಿ. ನಮ್ ಭಾನುವಾರದ ಊಟನೂ ಹಂಗೇ ಆಗಿದೆಯೇನೋ ಅಂತ ನಂಗೆ ಅನುಮಾನ...”

ಹಾಗಂದಳೇ ಹೊರತು ಅವಳಿಗೆ ಅನುಮಾನವೇನೂ ಇರಲಿಲ್ಲ. ಇಲ್ಲಕ್ಕಾ, ನಿನ್ನ ಸಾರಿಲ್ಲದೆ ಭಾನುವಾರವೇ ಅಲ್ಲ ಎಂದು ಯಾರಾದರೂ ಅಂದಾರು, ಅದನ್ನು ಕೇಳಿ ಕಿವಿ ತಣ್ಣಗಾದೀತು ಎಂದು ಆಸೆಪಟ್ಟಳು.

“ರೂಲ್ಸು ಕೇಳಿ. ಚಿಕ್ಕವರು ಮೊದಲು, ಹಿರಿಯರು ಕೊನೆಗೆ. ಹಿರಿಯರು ಮೊದ್ಲೇ ಬಾಯ್ಬಿಟ್ರೆ ಮಿಕ್ಕೋರೆಲ್ಲ ಹೂಂಗುಟ್ಬುಡ್ತಾರೆ. ಒಬ್ಬರು ಮಾತಾಡುವಾಗ ಇನ್ನೊಬ್ಬರು ಬಾಯಿ ಹಾಕೋ ಹಾಗಿಲ್ಲ. ‘ನಂದೂ ಅದೇ’ ಅನ್ನೋ ಹಾಗಿಲ್ಲ. ನಿಮ್ಮ ಮನಸಲ್ಲಿರೋದು ನಿಮ್ಮ ಬಾಯಲ್ಲೇ ಬರ್ಬೇಕು... ಹೂಂ, ನಾನೂ ಹೇಳ್ತೀನಿ. ಕೊನೇಲಿ. ನಾನೇ ಹಿರಿಯಳಲ್ವಾ...”

“ಗಗನಾ, ಶುರು ಮಾಡು... ಹೂಂ... ನಿದ್ದೆ ಮಾಡ್ಬೇಕಾ? ಅಷ್ಟೇನಾ?... ಗೆಳತೀರ ಜೊತೆ... ಹೂಂ... ಪರೀಕ್ಷೆ ಸುಳ್ಳಾ?... ಹೊಟ್ಟೆನೋವೂನಾ!... ಹೋಗ್ಲಿ ಬುಡು, ನಿಜ ಹೇಳಿದ್ಯಲ್ಲ, ಶಭಾಷ್... ಸಿದ್ದ, ಅವಳನ್ನ ಗದರಬೇಡ, ಬಾಯಿ ಹಾಕೋ ಹಾಗಿಲ್ಲ ಅಂದೆ...”

ಹುಡುಗಿಯ ಮಾತಿಗೆ ಚಾಮುಂಡೇಶ್ವರಿ ನಕ್ಕಳು. ವಯಸ್ಸು ಅಂಥದ್ದು.

“ಮಂಜುಳ... ಮಂಜುಳ, ಇದೀಯೇನಮ್ಮ?... ಸುಮ್ಮನಿರೋದು ಉತ್ತರ ಅಲ್ಲ ಕಣಮ್ಮ. ಹೇಳು, ನಾವು ಕಾಯ್ತೀವಿ...”

“ತವರಿಗಾ?... ಭಾನುವಾರ ತವರಿಗೆ ಹೋಗಿ ಎಷ್ಟು ದಿನ ಆಯ್ತು?... ಅಷ್ಟಾಯ್ತಾ!... ನಿಮ್ಮಮ್ಮ ಕೇಳ್ತಾರಾ? ಹಾಂ... ಒಂದು ಮಾತು ಹೇಳೋದಲ್ವಾ?... ನಾನು ಬೇಜಾರು ಮಾಡ್ಕೋತೀನಿ ಅಂತಾನಾ?... ಇನ್ನೂ ಇದ್ಯಾ? ಹೇಳು, ಅರ್ಧಕ್ಕೆ ನಿಲ್ಲಿಸ್ಬೇಡ... ಅಡುಗೆಮನೆಗಾ? ನಾನು ಬುಡಲ್ವಾ ಒಳಕ್ಕೆ?... ಅಯ್ಯೋ, ಕೂತ್ಕೋ ಕೂತ್ಕೋ ಅಂದಿದ್ದು ನಿಂಗೆ ವಾರವೆಲ್ಲ ಸುಸ್ತಾಗಿರುತ್ತೆ ಅಂತ... ಹೂಂ... ಹೂಂ... ನೆಂಟರ ಮನೆಗೆ ಬಂದಂಗೆ ಅನ್ನಿಸ್ತಿತ್ತಾ. ಹೂಂ...”

ಚಾಮುಂಡೇಶ್ವರಿಗೆ ಈಗ ನಗು ಬರಲಿಲ್ಲ. ನಡುಮನೆಯ ಕಿಟಕಿ ಪಕ್ಕದ ಕುರ್ಚಿಯಲ್ಲಿ ಸೆರಗು ಸುತ್ತಿಕೊಂಡು ಕೂತಿರುತ್ತಿದ್ದ ಮಂಜುಳ ಕಣ್ಣ ಮುಂದೆ ಬಂದಳು. ಎಷ್ಟು ನಿಧಾನಸ್ಥೆ ಎಂದು ತಾನು ಊರಿಗೆಲ್ಲ ಹೊಗಳಿದ್ದೇ ಹೊಗಳಿದ್ದು. ಪಾಪ, ಅವಳು ಊಟ ಮುಗಿಯುವುದನ್ನು ಕಾಯುತ್ತಿದ್ದಳು.

“ಪ್ರಸಾದ, ಈಗ ನೀನು... ಏಯ್, ‘ನಂದೂ ಅದೇ’ ಅನ್ಬೇಡ ಅಂದ್ನಲ್ಲ. ಬೇರೆ ಹೇಳು... ಡಾಕ್ಟ್ರಾ? ಡಾಕ್ಟ್ರು ಏನಂದ್ರು?... ಮಟನ್ನೇ ಮುಟ್ಬೇಡ ಅಂದ್ರಾ? ಯಾವಾಗ?... ಯುಗಾದಿಗೆ ಮುಂಚೆನಾ? ಅವತ್ತಿಂದ ಬಂದಾಗೆಲ್ಲ ಎರಡೆರಡು ಸಲ ಹಾಕಿಸ್ಕೊಂಡು ತಿಂದ್ಯಲ್ಲೋ!... ಏನು? ಬೇಡ ಅಂದ್ರೆ ನಾನು ಸಪ್ಪಗಾಗ್ತೀನಿ ಅಂತ ತಿಂದ್ಯಾ?... ಥೂ, ನಿನ್ ಬುದ್ಧಿಗಿಷ್ಟು...”

ಬೈಗುಳ ಅಲ್ಲಿಗೇ ನಿಂತಿತು. ಬೇಡಕ್ಕಾ ಸಾಕು ಎಂದು ಪ್ರಸಾದ ತಟ್ಟೆಗೆ ಕೈ ಅಡ್ಡ ಹಿಡಿದರೂ ಬೆರಳ ಸಂದಿಯಿಂದಲೇ ಉಂಡೆ ಜಾರಿಸಿದವಳು ತಾನೇ. ನಾಚಿಕೆ ಮಾಡಿಕೊಳ್ತಾನೆ, ಚಿಕ್ಕಂದಿನಿಂದ ಹೀಗೇ ಎಂದುಕೊಂಡಿದ್ದಳು. ಸುಲಿದ ಬೆಳ್ಳುಳ್ಳಿಯನ್ನು ಬಟ್ಟಲಿಗೆ ಹಾಕಿ ಪಕ್ಕಕ್ಕೆ ಸರಿಸಿದಳು.

“ಸಿದ್ದ, ನಿಂದು... ಭಾನುವಾರವೇ ಗಿರಾಕಿ ಜಾಸ್ತಿ, ಹೂಂ... ಗ್ಯಾರೇಜಿನ ಬಾಗಿಲು ಹಾಕ್ಕೊಂಡು ಬರ್ಬೇಕು... ಬಂದೋರು ತಿರುಗಿ ಹೋಗ್ತಾರೆ... ಗೊತ್ತಾಯ್ತು ಕಣಪ್ಪ. ಮತ್ತೆ ಇಷ್ಟು ವರ್ಷ ಯಾಕೆ ಬಂದೆ?... ಏನು? ಜೋರಾಗಿ ಹೇಳು, ಕೇಳಿಸ್ತಿಲ್ಲ...”

“ಅಕ್ಕ ಒಬ್ಬಳೇ ಇರ್ತಾಳೆ ಅಂತಾನಾ...”

ಲೋಕಕ್ಕೆಲ್ಲ ಶಕುನ ಹೇಳುವ ಹಲ್ಲಿ ಬಚ್ಚಲಿಗೆ ಬಿದ್ದಿತ್ತು. ತಾನು ಒಡಹುಟ್ಟಿದವರನ್ನು ಒಂದು ಕಡೆ ಸೇರಿಸಿ ಕಾಪಾಡುತ್ತಿದ್ದೇನೆ ಎಂದು ಚಾಮುಂಡೇಶ್ವರಿ ತಿಳಿದಿದ್ದಳು. ಅವರು ಅವಳನ್ನು ನೋಡಿಕೊಂಡು ಹೋಗಲು ಬರುತ್ತಿದ್ದರು, ಆಸ್ಪತ್ರೆಯಲ್ಲಿರುವವರನ್ನು ನೋಡಲು ಹೋದ ಹಾಗೆ. ಅವಳಿಗೆ ತುಂಬಾ ಸಂಕಟವಾಯಿತು. ಕೋಪ ಬಂದಿದ್ದರೆ ಚೆನ್ನಾಗಿತ್ತು, ಆದರೆ ಯಾರ ಮೇಲೆ ಕೋಪ ಮಾಡಿಕೊಳ್ಳುವುದು? ಯಾರೂ ಕೆಟ್ಟದ್ದು ಮಾಡಿರಲಿಲ್ಲ.

“ಹಾಂ?... ಇದೀನಿ, ಇದೀನಿ. ಲೈನಲ್ಲೇ ಇದೀನಿ... ನಂದಾ?... ಹೌದು, ಈಗ ನಂದೇ ಸರದಿ...”

ನೀವು ಬಂದರೇನೇ ನನಗೆ ಭಾನುವಾರ ಕಣ್ರೋ, ಎಂಬ ಮಾತು ನಾಲಿಗೆ ತುದಿಯಲ್ಲೇ ಇತ್ತು. ಅಂದರೆ ಸಾಕು, ನಾಳೆ ಮಧ್ಯಾಹ್ನ ನಾಲ್ಕು ಜನವೂ ಬಾಗಿಲಲ್ಲಿ ನಿಂತಿರುತ್ತಾರೆ. ಸಿದ್ದರಾಜು ಗ್ಯಾರೇಜಿಗೆ ಬೀಗ ಹಾಕಿ ಬಂದಿರುತ್ತಾನೆ. ಪ್ರಸಾದ ತಟ್ಟೆ ಮುಂದೆ ಕೂತು ಉಂಡೆ ನುಂಗುತ್ತಾನೆ. ಅಂಥ ಭಾನುವಾರ ಅವಳಿಗೆ ಬೇಡವಾಗಿತ್ತು.

“ನಂದು... ನಂದೂ ಅದೇ ಕಣ್ರೋ. ನಂಗೂ ಸಾಕಾಗಿತ್ತು. ಆ ಅಂಗಡಿ ಮುಂದೆ ನಿಂತು, ಖಾರ ರುಬ್ಬಿ, ಉಂಡೆ ಕಟ್ಟಿ... ಮಂಡಿನೋವು ಬೇರೆ. ನೀವೆಲ್ಲ ಆಸೆಪಟ್ಟು ಬರ್ತೀರಲ್ಲ ಅಂತ ಮಾಡ್ತಿದ್ದೆ ಅಷ್ಟೇ. ನೋಡಿದ್ರಾ? ನಮ್ದೂ ಬೂದಿಬಣ್ಣದ ಸೀರೆ ಕತೆನೇ!...”

ಅತ್ತಲಿಂದ ನಗು ಭೋರೆಂದು ಬಂತು. ಎದೆಯ ಮೇಲಿನ ಕಲ್ಲು ಇಳಿಸಿದವರ ನಗು. ಸಿದ್ದರಾಜು ಅಷ್ಟು ಬಾಯಿ ತುಂಬ ನಕ್ಕಿದ್ದನ್ನು ಅವಳು ಈಚೆಗೆ ಕೇಳಿರಲಿಲ್ಲ. ಅವಳೂ ನಕ್ಕಳು, ಸ್ವಲ್ಪ ಜೋರಾಗಿಯೇ.

“ಹಾಂ... ಹಾಂ, ಹಬ್ಬಕ್ಕೆ ಸೇರೋಣ, ಸಾಕು... ಮಂಜುಳ, ನಾಳೆನೇ ತವರಿಗೆ ಹೊರಟುಬುಡು. ನಿಮ್ಮಮ್ಮಂಗೆ ಹೇಳು, ನಾನು ಕೇಳ್ದೆ ಅಂತ... ಪ್ರಸಾದ, ಸೊಪ್ಪು ಸದೆ ತಿನ್ನೋ... ಇಲ್ಲಪ್ಪ, ನಂಗ್ಯಾಕೆ ಬೇಜಾರು? ಹಾಯಾಗಿ ಮಲಗ್ತೀನಿ. ಸರಿ, ಇಡ್ಲಾ?...”

“ಹಲೋ?... ಯಾರು ಇನ್ನೂ ಲೈನಲ್ಲಿರೋದು?... ಮಂಜುಳನಾ? ಯಾಕಮ್ಮ ಇಷ್ಟು ಮೆಲ್ಲಗೆ ಮಾತಾಡ್ತಿದೀಯ?... ಸ್ಪೀಕರ್ ಆರಿಸಿದ್ಯಾ? ಅವರೆಲ್ಲ?... ಹೊರಗೆ ಹೋದ್ರಾ. ಹೂಂ, ಹೇಳು...”

“ನಾನಾ? ನಾನೇನಂದೆ?... ಹೂಂ, ಅಂದೆ. ‘ನಂದೂ ಅದೇ’ ಅಂದೆ... ಹೌದು, ರೂಲ್ಸು ನಾನೇ ಮಾಡಿದ್ದು... ಬಾಯಿಗೆ ಬಂತು, ಅಂದ್ಬುಟ್ಟೆ. ಬುಡು ಅದನ್ನ... ಅಲ್ಲ ಕಣಮ್ಮ, ಏನೂ ಇಲ್ಲ...”

“ಹಲೋ?... ಯಾಕೆ ಸುಮ್ಮನಾದೆ?... ಕಾಯ್ತಿದೀಯಾ?... ನನ್ ಮಾತಿಗಾ?...”

ಚಾಮುಂಡೇಶ್ವರಿ ಅಡುಗೆಕೋಣೆಯ ನೆಲದ ಮೇಲೆಯೇ ಕೂತುಬಿಟ್ಟಳು. ಎಷ್ಟೋ ಗುಂಪುಗಳಲ್ಲಿ ಕೂತು ಎಷ್ಟೋ ಹೆಂಗಸರ ಮಾತಿಗಾಗಿ ಅವಳು ಕಾದಿದ್ದಳು. ಅವಳ ಮಾತಿಗಾಗಿ ಹೀಗೆ ಒಬ್ಬರೂ ಕಾದಿರಲಿಲ್ಲ, ಅವಳೂ ಕಾಯಿಸಿರಲಿಲ್ಲ. ಸೆರಗಿನಿಂದ ಮೂಗು ಒರೆಸಿಕೊಂಡಳು.

“ಮಂಜುಳ... ನಂದು ಅದಲ್ಲ ಕಣಮ್ಮ. ನಂದು ಬೇರೆ...”

“ಊಟ ಬೇಡ, ಮಟನ್ ಬೇಡ, ಅದೆಲ್ಲ ಹಾಳಾಗಿ ಹೋಗ್ಲಿ. ಎಲ್ಲರೂ ಬರ್ಲೇಬೇಕು ಅಂತನೂ ಇಲ್ಲ. ಇಲ್ಲಿ ಬೆಳ್ಳುಳ್ಳಿ ಸುಲೀತಾ ಕೂತಿದ್ದೆ. ನೀನು ಅಡುಗೆಮನೆ ಒಳಕ್ಕೇ ಬಾ, ನನ್ ಪಕ್ಕದಲ್ಲಿ ಕೂತ್ಕೊಂಡು ನಾಲ್ಕು ಎಸಳು ಸುಲಿ, ಸಾಕು ನಂಗೆ. ನಾಳೆ ಬೇಡ, ನಾಳೆ ತವರಿಗೆ ಹೋಗು. ಯಾವತ್ತಾದ್ರೂ ಬಾ. ಆದ್ರೆ ಅಕ್ಕ ಒಬ್ಬಳೇ ಇರ್ತಾಳೆ ಅಂತ ಬರ್ಬೇಡ ಕಣಮ್ಮ, ನಿಂಗೆ ಬರ್ಬೇಕು ಅನ್ನಿಸಿದ್ರೆ... ಹಲೋ?...”

“ಮಂಜುಳ?... ಕೇಳಿಸ್ತಾ?... ಚಾರ್ಜ್ ಮುಗಿದೋಯ್ತಾ?... ಎಲ್ಲೀವರೆಗೆ ಕೇಳಿಸ್ತಮ್ಮ?... ಬರ್ಬೇಡ ಅನ್ನೋವರೆಗಾ?... ಹಲೋ... ಹಲೋ...”