ಬಲೂನು ಅಂಟಿಸಿದ ಕಾಡು

ಗವಿಪುರದ ಬಸ್‌ಸ್ಟಾಪಿನಲ್ಲಿ ಕೂತಿದ್ದ ಚೂಡಾಮಣಿಯವರಿಗೆ ಬೆನ್ನು ಮಾಡಿಕೊಂಡು, ನಾಟಕದ ತಂಡದ ಇಬ್ಬರು ಮಾತಾಡುತ್ತ ನಿಂತಿದ್ದರು.

“ನಮ್ಮ ಕಾಡಿನ ಪರದೆಗೆ ಏನಾಯ್ತು, ಸುಪ್ರಜಾ?”

“ನಾಮಕರಣಕ್ಕೆ ನಮ್ಮ ಹಾಲ್ ಬಾಡಿಗೆಗೆ ತಗೊಂಡೋರು ಅದ್ರ ಮೇಲೆ ಟೇಪ್ ಹಾಕಿ ಬಲೂನ್ ಅಂಟಿಸಿದ್ರು, ಸಮರ್ಥ. ಕಿತ್ತಾಗ ಬಣ್ಣ ಎದ್ದುಬಂತು. ಅರ್ಧ ಕಾಡೇ ಇಲ್ಲ.”

“ಮೊದ್ಲೇ ಸುತ್ತಿಡ್ಬೇಕಿತ್ತು.”

“ಸುತ್ತೋಕೆ ಹೋದೆ. ಮಗು ಅಜ್ಜಿ ಬಿಡ್ಲಿಲ್ಲ. ‘ಫೋಟೋಗೆ ಚೆನ್ನಾಗಿರತ್ತೆ. ಇವತ್ತು ಹಾಲ್ ನಮ್ದು, ಬಿಡಮ್ಮಾ’ ಅಂದ್ರು.”

ಚೂಡಾಮಣಿಯವರು ಸೆರಗನ್ನು ಕಿವಿಯವರೆಗೂ ಎಳೆದುಕೊಂಡರು. ಹೋದ ಗುರುವಾರ ಶಂಕರಪುರದ ಹಾಲಿನಲ್ಲಿ ಆ ಮಾತು ಆಡಿದವರು ಅವರೇ.

“ಪರದೆ ಬರೆದ ಮೇಷ್ಟ್ರು ಏನಂದ್ರು?”

“‘ನೋಡೋಣ’ ಅಂದ್ರು. ಬ್ರಷ್ ಹಿಡಿದ್ರು, ಈಗ ಕಣ್ಣು ಸರಿಯಾಗಿ ಕಾಣಲ್ಲ ಅಂತ ಕೆಳಗಿಟ್ರು. ಭಾನುವಾರದ ನಾಟಕ ಬರೀ ಕಪ್ಪು ಬಟ್ಟೆ ಮುಂದೆ.”

“ಇನ್ಮೇಲೆ ಫಂಕ್ಷನ್‌ಗೆ ಕೊಡೋದೇ ಬೇಡ.”

“ಕೊಡದಿದ್ರೆ ಹಾಲ್ ಬಾಗಿಲು ಹಾಕ್ಬೇಕು. ಆಮೇಲೆ ನಾಟಕ ಎಲ್ಲಿ ಮಾಡ್ತೀಯ? ಅದೇ ಅಜ್ಜಿ ಬೆಳಿಗ್ಗೆ ಫೋನ್ ಮಾಡಿದ್ರು. ಇನ್ನೊಬ್ಬ ಮಗಳ ಸೀಮಂತಕ್ಕೂ ಆ ಕಾಡೇ ಬೇಕಂತೆ.”

“ನೀನೇನಂದೆ?”

“ಆಗ್ಲಿ ಬನ್ನಿ ಅಮ್ಮಾ ಅಂದೆ.”

ಬಸ್ಸು ಬಂತು. ಇಬ್ಬರೂ ಹತ್ತಿಕೊಂಡರು. ಚೂಡಾಮಣಿಯವರು ಅರ್ಧ ಗಂಟೆಯಿಂದ ಕಾಯುತ್ತಿದ್ದದ್ದು ಅದೇ ಬಸ್ಸಿಗೆ. ಅವರು ಕೂತಲ್ಲಿಂದ ಏಳಲಿಲ್ಲ.